ಗುರುವಾರದ ಕೊನೆಯ ಗಂಟೆ

ಔಲುವಿನಲ್ಲಿ ನವೆಂಬರ್ ಕೊನೆಯೆಂದರೆ
ಮಧ್ಯಾಹ್ನ ಎರಡೂವರೆಗೇ ದೀಪ.
ಎರಡನೆಯ ಮಹಡಿಯಲ್ಲಿ ನನ್ನ ಕೋಣೆ,
ಒಂದು ತೂಕದ ಯಂತ್ರ, ತೋಳಿಗೆ ಸುತ್ತುವ ಪಟ್ಟಿ,
ಪರದೆಯ ಮೇಲೆ ಆರುನೂರ ಎಂಬತ್ತು ಹೆಸರು.

ನಾನು ನರ್ಸಾಗಿ ಸೇರಿದ ವರ್ಷ ಅರವತ್ತೂ ಇರಲಿಲ್ಲ.
ಆಗ ಇದು ಮಕ್ಕಳದ್ದು,
ಬೆಳೆದ ಮೇಲೆ ಹಳೆಯ ಅಂಗಿಯಂತೆ ಗಿಡ್ಡವಾಗಿ
ತಾನೇ ಕಳಚುತ್ತದೆ ಎಂದುಕೊಂಡಿದ್ದೆವು.
ಈಗ ಬರುತ್ತಾರೆ
ಬಸ್ ಓಡಿಸುವವರು, ಹಲ್ಲಿನ ಡಾಕ್ಟರು,
ಮಗಳನ್ನು ತೋರಿಸಲು ಬಂದು
ಪ್ರಶ್ನೆಪತ್ರಿಕೆಯ ತುಂಬ ತಮ್ಮನ್ನೇ ಓದಿಕೊಂಡ ಅಪ್ಪಂದಿರು.
ಐವತ್ತು ದಾಟಿದ ಒಬ್ಬಳು ಕೇಳಿದ್ದಳು,
‘ಹಾಗಾದರೆ ನಾನು ಸೋಮಾರಿ ಅಲ್ಲವೇ?’
ಅದಕ್ಕೆ ಫಾರಂನಲ್ಲಿ ಜಾಗವಿಲ್ಲ.

ಫಾರಂ ಕೇಳುವುದು ನಾಡಿ, ರಕ್ತದೊತ್ತಡ, ತೂಕ.
ನಿದ್ದೆ ಹತ್ತುತ್ತದೆಯೇ, ಊಟ ಸೇರುತ್ತದೆಯೇ,
ಸಂಜೆ ಮಾತ್ರೆ ಇಳಿಯುವ ಹೊತ್ತಿಗೆ
ಮನೆಯವರ ಮೇಲೆ ರೇಗುತ್ತೀರಾ.
ಇಪ್ಪತ್ತು ನಿಮಿಷ.
‘ಚೆನ್ನಾಗಿದ್ದೇನೆ’ ಅನ್ನುತ್ತಾರೆ ಎಲ್ಲರೂ.
ಹುಟ್ಟಿದಾಗಿನಿಂದ ಅಭ್ಯಾಸವಾದ ಸುಳ್ಳು,
ಬಾಯಿಗೆ ಸಲೀಸು.

ವಸಂತದಲ್ಲಿ ಡಾಕ್ಟರ್ ಕೆರ್ಟ್ಟುನೆನ್ ಬಿಟ್ಟುಹೋದರು.
ಮೀಟಿಂಗಿನಲ್ಲಿ ತೀರ್ಮಾನವಾಯಿತು:
ಸ್ಥಿರವಾದವರು ಹತ್ತಿರದ ಆರೋಗ್ಯಕೇಂದ್ರಕ್ಕೆ,
ಉಳಿದವರಿಗೆ ವರ್ಷಕ್ಕೊಂದು ಭೇಟಿ, ನಡುವೆ ಒಂದು ಫೋನು,
ಎರಡು ಸಲ ತಪ್ಪಿಸಿದವರು ಪಟ್ಟಿಯಿಂದ ಹೊರಗೆ.
ನಾನೂ ಕೈ ಎತ್ತಿದೆ.
ಬಾಗಿಲಾಚೆ ಹದಿನಾಲ್ಕು ತಿಂಗಳಿಂದ ಕಾದವರಿದ್ದಾರೆ,
ಯಾರೋ ಮರೆತ ಪ್ರತಿಯೊಂದು ಇಪ್ಪತ್ತು ನಿಮಿಷ
ಅವರ ಜೇಬಿನಿಂದಲೇ ಹೋಗುವುದು.
ಸೈಕಲ್ಲು ತುಳಿದು ಮನೆಗೆ ಹೋಗುವಾಗ, ಸೇತುವೆಯ ಮೇಲೆ,
ತಡವಾಗಿ ಹೊಳೆಯಿತು ನಾವು ಹೇಳಿದ್ದೇನೆಂದು:
ಕಾಲು ಮುರಿದವನೇ,
ಊರುಗೋಲು ಮೂರನೆಯ ಮಹಡಿಯಲ್ಲಿದೆ,
ಹತ್ತಿ ಬಾ.

ಇಲ್ಪೊ ಬಂದದ್ದು ಒಂದು ಗುರುವಾರ, ಮೂರು ಗಂಟೆಗೆ ಸರಿಯಾಗಿ.
ಅವನ ಸರದಿಯೂ ಗುರುವಾರ ಮೂರಕ್ಕೇ,
ಹಿಂದಿನ ವಾರದ್ದು.
ಗಡ್ಡದಲ್ಲಿ ಹಿಮ, ಒಂದೇ ಕೈಗೆ ಗವಸು.
ಲಿಫ್ಟ್ ರಿಪೇರಿಯವನು.
ನಿಂತ ಲಿಫ್ಟಿನೊಳಗೆ ಯಾರೋ ಅಳುತ್ತಿದ್ದರೆ
ಅವನ ತಲೆ ಗಾಜಿನಂತೆ ತಿಳಿಯಂತೆ,
ಹತ್ತು ನಿಮಿಷ ಸಾಕಂತೆ.
ಅಡುಗೆಮನೆಯ ಮೇಜಿನ ಮೇಲಿನ ಲಕೋಟೆ ಒಡೆಯಲು ಮಾತ್ರ
ಒಂದು ತಿಂಗಳು.
ಆ ಲಕೋಟೆ ನಮ್ಮದೇ. ಕೊನೆಯ ಎಚ್ಚರಿಕೆ.

ಇದು ನಿಮ್ಮ ಎರಡನೆಯ ತಪ್ಪು ಅನ್ನಬೇಕಿತ್ತು.
ಅವನು ಆಗಲೇ ತಿರುಗಿ ನಿಂತಿದ್ದ,
ಬೈಸಿಕೊಳ್ಳುವ ಮೊದಲೇ ಬೆನ್ನು ಕೊಡುವವನ ಹಾಗೆ.
ಪರದೆ ನೋಡಿದೆ: ಮೂರು ಗಂಟೆ, ವೀವಿ ಮಟ್ಟಿಲಾ.
ಮೂರೂ ಹತ್ತಾಗಿತ್ತು. ವೀವಿ ಬಂದಿರಲಿಲ್ಲ.
ಒಬ್ಬಳು ಮರೆತು ಬಿಟ್ಟ ಕುರ್ಚಿಯಲ್ಲಿ
ಮರೆತು ಬಂದವನನ್ನು ಕೂರಿಸಿದೆ.
ನಾಡಿ ತೊಂಬತ್ತೆಂಟು.
ಇನ್ನೊಮ್ಮೆ ಹಿಡಿದೆ, ಐದು ನಿಮಿಷ ಬಿಟ್ಟು. ಎಪ್ಪತ್ತಾರು.

ಆ ವಾರದಿಂದ ಗುರುವಾರದ ಕೊನೆಯ ಗಂಟೆಗೆ
ನಾನು ಯಾರ ಹೆಸರೂ ಬರೆಯುತ್ತಿಲ್ಲ.
ದಿನ ತಪ್ಪಿದವರು, ವಾರ ತಪ್ಪಿದವರು,
ಮಾತ್ರೆ ಮುಗಿದು ಒಂಬತ್ತು ದಿನವಾದದ್ದು
ಈಗಷ್ಟೇ ನೆನಪಾದವರು ಬರಲಿ.
‘ಇದೇಕೆ ಖಾಲಿ?’ ಎಂದರು ಮೇಲಿನವರು.
ಖಾಲಿಯಲ್ಲ, ಭರ್ತಿ ಎಂದೆ.
ಕೆಲವು ವಾರ ಯಾರೂ ಇಲ್ಲ, ಕಾಫಿ ಆರುತ್ತದೆ.
ಕೆಲವು ವಾರ ಬೆಂಚಿನ ಮೇಲೆ ಐವರು,
ಹತ್ತು ಮಂಡಿ ಕುಣಿಯುತ್ತಿರುತ್ತವೆ.

ಸರದಿ ಕರಗಿಲ್ಲ, ಸುಳ್ಳೇಕೆ.
ಇಂದು ಬೆಳಿಗ್ಗೆ ಆರುನೂರ ತೊಂಬತ್ತನಾಲ್ಕು.
ಮೇಜಿನ ಕೆಳಗಿನ ಡಬ್ಬಿಯಲ್ಲಿ
ಜೊತೆಯಿಲ್ಲದ ಗವಸುಗಳು ಹನ್ನೊಂದು.

ನಿನ್ನೆ ವೀವಿ ಏದುಸಿರು ಬಿಡುತ್ತಾ ಬಂದು
ಕಾರಿಡಾರಿನ ಗಡಿಯಾರ ನೋಡಿ ಬಿಳಿಚಿಕೊಂಡಳು.
‘ಒಂದು ಗಂಟೆ ತಡವಾಯಿತೇ?’
ಇಲ್ಲ ವೀವಿ, ಕೂತುಕೋ.
ಆ ಗಡಿಯಾರ ಇನ್ನೂ ಬೇಸಿಗೆಯ ಸಮಯದಲ್ಲೇ ಇದೆ.
ತಿರುಗಿಸಬೇಕು ಎಂದು ನಾವೆಲ್ಲ
ಒಂದು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದೇವೆ.